ಒಂದೇ ಬ್ಯಾಚಲ್ಲಿ ಬಂದವರು, ಒಂದೇ ಬ್ಯಾಚಲ್ಲಿ ಹೋದವರು: ನಮ್ಮ ಬ್ಯಾಂಕುಗಳು ಬರೆಯದೇ ಬಿಟ್ಟ ಲೆಕ್ಕ

ಇವತ್ತಿನ ಕಥೆ ಒಂದು ಕಪ್ಪು-ಬಿಳುಪು ಫೋಟೊದಿಂದ ಶುರುವಾಗುತ್ತೆ. 1976ರದ್ದು. ತೀರ್ಥಹಳ್ಳಿಯಲ್ಲಿ ನಮ್ಮ ದೊಡ್ಡಪ್ಪನ ಮನೆ ಹಾಲ್‌ನಲ್ಲಿ, ಟಿವಿ ಮೇಲ್ಗಡೆ ತೂಗುಹಾಕಿದ್ದಾರೆ. ಮೂರು ಸಾಲಿನಲ್ಲಿ ಸುಮಾರು ಮೂವತ್ತು ಜನ ಹುಡುಗರು. ಅಗಲ ಕಾಲರ್ ಅಂಗಿ, ಬೆಲ್ ಬಾಟಮ್ ಪ್ಯಾಂಟು, ಕಿವಿ ಮುಚ್ಚೋ ಅಷ್ಟು ಕೂದಲು. ಮುಂದಿನ ಸಾಲಿನಲ್ಲಿ ಇಬ್ಬರು ಹುಡುಗಿಯರು. ಎಲ್ಲರೂ ಒಂದು ರಾಷ್ಟ್ರೀಕೃತ ಬ್ಯಾಂಕಿಗೆ ಹೊಸದಾಗಿ ಸೇರಿದ ಕ್ಲರ್ಕ್‌ಗಳು. ಟ್ರೈನಿಂಗ್ ಮುಗಿದ ದಿನ ತೆಗೆಸಿಕೊಂಡ ಫೋಟೊ ಅದು. ಬ್ಯಾಂಕಿನ ಹೆಸರು ಬೇಡ. ದೊಡ್ಡಪ್ಪಂಗೆ ಈಗಲೂ ಪೆನ್ಷನ್ ಅಲ್ಲಿಂದಲೇ ಬರೋದು!

ಕಳೆದ ಬೇಸಿಗೆ ರಜೆಯಲ್ಲಿ ಹೋದಾಗ ಆ ಫೋಟೊ ಇಳಿಸಿ, ಒಬ್ಬೊಬ್ಬರ ಮುಖದ ಮೇಲೂ ಬೆರಳಿಟ್ಟು ಹೇಳ್ತಾ ಹೋದ್ರು. "ಇವ ರಿಟೈರ್ ಆಗಿದ್ದು 2011ಕ್ಕೆ. ಇವ 2012. ಇವರಿಬ್ಬರೂ ಒಂದೇ ತಿಂಗಳು, 2013. ಇವನದ್ದು ಅದೇ ವರ್ಷ ದೀಪಾವಳಿ ಹೊತ್ತಿಗೆ." ಹೆಸರುಗಳಿಗಿಂತ ಇಸವಿಗಳೇ ಅವರ ಬಾಯಲ್ಲಿ ಬೇಗ ಬರ್ತಿದ್ವು. ನಾನು ಕೇಳಿದೆ, "ದೊಡ್ಡಪ್ಪ, ಎಲ್ಲರೂ ಎರಡು-ಮೂರು ವರ್ಷದಲ್ಲೇ ಖಾಲಿಯಾಗಿದ್ದಾರಲ್ಲ?" ಅವರು ನಕ್ಕರು. "ಅಲ್ಲ ಮಾರಾಯ, ಒಟ್ಟಿಗೆ ಬಂದವರು ಒಟ್ಟಿಗೇ ಅಲ್ವೇನೋ ಹೋಗೋದು?"

ಈ ಮಾತು ತಲೆಯಲ್ಲಿ ಕೂತುಬಿಡ್ತು. ಯಾಕಂದ್ರೆ ನಾನು ಬಿ.ಕಾಂ. ಓದಿದವನು. ಹ್ಯೂಮನ್ ರಿಸೋರ್ಸ್ ಪೇಪರ್‌ನಲ್ಲಿ 'ಮ್ಯಾನ್‌ಪವರ್ ಪ್ಲಾನಿಂಗ್‌ನ ಪ್ರಯೋಜನಗಳನ್ನು ಬರೆಯಿರಿ' ಅಂತ ಪ್ರಶ್ನೆ ಬರ್ತಿತ್ತು. ನಾವು ಗೈಡ್ ನೋಡಿ ಬಾಯಿಪಾಠ ಮಾಡಿ ಪಾಯಿಂಟ್ ಬರೆದು ಬರ್ತಿದ್ವಿ. ಈಗ ಅದಕ್ಕೆ ಸ್ಟ್ರಾಟೆಜಿಕ್ ವರ್ಕ್‌ಫೋರ್ಸ್ ಪ್ಲಾನಿಂಗ್ ಅಂತ ದೊಡ್ಡ ಹೆಸರು ಬಂದಿದೆ. ಸರಳವಾಗಿ ಹೇಳಬೇಕಂದ್ರೆ, ಇನ್ನು ಐದು, ಹತ್ತು, ಹದಿನೈದು ವರ್ಷಕ್ಕೆ ನಮ್ಮ ಸಂಸ್ಥೆಗೆ ಎಂಥ ಕೆಲಸ ಬಲ್ಲ ಎಷ್ಟು ಜನ ಬೇಕಾಗ್ತಾರೆ ಅಂತ ಇವತ್ತೇ ಲೆಕ್ಕ ಹಾಕಿ, ಅದಕ್ಕೆ ತಕ್ಕಂತೆ ಇವತ್ತಿನಿಂದಲೇ ಜನರನ್ನ ತಗೊಳ್ಳೋದು, ಬೆಳೆಸೋದು. ಇದರ ಪ್ರಯೋಜನ ಏನು ಅಂತ ಗೈಡ್‌ನಲ್ಲಿ ಇರಲಿಲ್ಲ ಅಂತಲ್ಲ, ಇತ್ತು. ಆದ್ರೆ ಅದನ್ನ ಮಾಡದೇ ಇದ್ರೆ ಏನಾಗುತ್ತೆ ಅಂತ ನಂಗೆ ಅರ್ಥ ಆಗಿದ್ದು ಆ ಫೋಟೊ ನೋಡಿದಾಗ.

ಹಾಗಾಗಿ ಇವತ್ತು ಭಾರತದ ಸರ್ಕಾರಿ ಬ್ಯಾಂಕುಗಳ ನೇಮಕಾತಿಯ ಕಥೆ. ನಿಮ್ಮಲ್ಲಿ ಎಷ್ಟೋ ಜನ ಐಬಿಪಿಎಸ್ ಪರೀಕ್ಷೆಗೆ ಕೂತಿರ್ತೀರ, ಕೂರೋಕೆ ತಯಾರಿ ಮಾಡ್ತಿರ್ತೀರ. ನೋಟಿಫಿಕೇಷನ್ ಯಾವಾಗ ಬರುತ್ತೆ, ಪೋಸ್ಟ್ ಎಷ್ಟು ಅಂತ ಟೆಲಿಗ್ರಾಂ ಗ್ರೂಪಲ್ಲಿ ಕಾಯ್ತಿರ್ತೀರ. ಆ ಪೋಸ್ಟ್‌ಗಳ ಸಂಖ್ಯೆ ಅರ್ಧಕ್ಕರ್ಧ ನಿರ್ಧಾರ ಆಗಿದ್ದು ನೀವು ಹುಟ್ಟೋ ಮುಂಚೆನೇ.

1969ಕ್ಕೆ ಹೋಗೋಣ. ಜುಲೈ 19. ಪ್ರಧಾನಿ ಇಂದಿರಾ ಗಾಂಧಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, 50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿ ಇದ್ದ 14 ಖಾಸಗಿ ಬ್ಯಾಂಕುಗಳನ್ನ ರಾಷ್ಟ್ರೀಕರಣ ಮಾಡ್ತು. ಆ ಹದಿನಾಲ್ಕರಲ್ಲಿ ಎರಡು ನಮ್ಮ ಕರಾವಳಿಯವು. ಒಂದು, ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಮಂಗಳೂರಲ್ಲಿ ಶುರು ಮಾಡಿದ ಕೆನರಾ ಬ್ಯಾಂಕ್. ಇನ್ನೊಂದು, 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್. 1980ರ ಏಪ್ರಿಲ್‌ನಲ್ಲಿ ಇನ್ನೂ ಆರು ಬ್ಯಾಂಕು ಸರ್ಕಾರದ ಕೈಗೆ ಬಂದ್ವು. ಅದರಲ್ಲೂ ಎರಡು ನಮ್ಮವೇ, ಕಾರ್ಪೊರೇಷನ್ ಮತ್ತು ವಿಜಯಾ. ಒಂದೇ ಜಿಲ್ಲೆಯ ನಾಲ್ಕು ಬ್ಯಾಂಕು ಅಂದ್ರೆ ಸುಮ್ನೆ ಅಲ್ಲ. ಉಡುಪಿ ಆಗ ಇನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ, ಎಲ್ಲ ದಕ್ಷಿಣ ಕನ್ನಡವೇ. ಕರಾವಳಿ, ಮಲೆನಾಡಲ್ಲಿ ಮನೆಗೊಬ್ಬ ಬ್ಯಾಂಕ್ ನೌಕರ ಇದ್ದಾನೆ ಅನ್ನೋ ಮಾತಿಗೆ ಇದೇ ಹಿನ್ನೆಲೆ.

ರಾಷ್ಟ್ರೀಕರಣ ಆದ ಮೇಲೆ ಶಾಖೆಗಳು ಅಣಬೆ ಎದ್ದ ಹಾಗೆ ಎದ್ದವು. 1969ರಲ್ಲಿ ಇಡೀ ದೇಶದಲ್ಲಿ ಇದ್ದ ವಾಣಿಜ್ಯ ಬ್ಯಾಂಕ್ ಶಾಖೆಗಳು 8,262. 1990ರ ಹೊತ್ತಿಗೆ ಸುಮಾರು 60 ಸಾವಿರ. 21 ವರ್ಷದಲ್ಲಿ ಏಳು ಪಟ್ಟು! 1977ರಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ತಂದಿತ್ತು: ಈಗಾಗಲೇ ಬ್ಯಾಂಕ್ ಇರೋ ಊರಲ್ಲಿ ಒಂದು ಶಾಖೆ ತೆಗೀಬೇಕಂದ್ರೆ, ಬ್ಯಾಂಕೇ ಇಲ್ಲದ ನಾಲ್ಕು ಊರಲ್ಲಿ ಶಾಖೆ ತೆಗೀಬೇಕು. ನೂರರಲ್ಲಿ 22 ಶಾಖೆ ಹಳ್ಳಿಯಲ್ಲಿದ್ದಿದ್ದು 58ಕ್ಕೆ ಏರ್ತು. ಅಂದ್ರೆ ಬಸ್ಸು ದಿನಕ್ಕೆರಡು ಸಲ ಬರೋ ಊರಿಗೂ ಒಬ್ಬ ಮ್ಯಾನೇಜರ್, ಒಬ್ಬ ಕ್ಯಾಷಿಯರ್, ಇಬ್ಬರು ಕ್ಲರ್ಕ್, ಒಬ್ಬ ಅಟೆಂಡರ್ ಬೇಕು. ಕಂಪ್ಯೂಟರ್ ಇಲ್ಲ. ಎಲ್ಲ ದಪ್ಪ ಲೆಡ್ಜರ್, ಹಿತ್ತಾಳೆ ಟೋಕನ್, ಸಂಜೆ ಬ್ಯಾಲೆನ್ಸ್ ತಾಳೆ ಆಗದಿದ್ರೆ ರಾತ್ರಿ ಎಂಟರ ತನಕ ಕೂತು ಕೂಡೋದು. ಹಾಗಾಗಿ ಜನ ಬೇಕಾಯ್ತು. ರಾಶಿ ರಾಶಿ ಜನ. ಎಪ್ಪತ್ತರ ದಶಕ, ಎಂಬತ್ತರ ದಶಕದ ಮೊದಲರ್ಧದಲ್ಲಿ 20ರಿಂದ 26 ವಯಸ್ಸಿನ ಹುಡುಗ-ಹುಡುಗಿಯರು ಬ್ಯಾಂಕುಗಳಿಗೆ ಸಾಲುಗಟ್ಟಿ ಸೇರಿದ್ರು. ನಮ್ಮ ದೊಡ್ಡಪ್ಪನೂ ಅದೇ ಸಾಲಲ್ಲಿ ಬಂದವರು. 1976ರ ಜನವರಿ, ವಯಸ್ಸು 22.

ಇಲ್ಲಿವರೆಗೆ ಯಾರ ತಪ್ಪೂ ಇಲ್ಲ. ಕೆಲಸ ಇತ್ತು, ಜನರನ್ನ ತಗೊಂಡ್ರು. ಆಮೇಲೆ ಏನಾಯ್ತು ನೋಡಿ.

ಎಂಬತ್ತರ ದಶಕದಲ್ಲಿ ಯಂತ್ರ ಬಂತು. ಬ್ಯಾಂಕ್ ಆಡಳಿತ ಮಂಡಳಿಗಳಿಗೂ ಯೂನಿಯನ್‌ಗಳಿಗೂ 1983ರಲ್ಲಿ ಒಪ್ಪಂದ ಆಗಿ, ಮಿತಿಯಲ್ಲಿ ಯಂತ್ರ ಬಳಸೋಕೆ ಒಪ್ಪಿಗೆ ಸಿಕ್ತು. ಕಂಪ್ಯೂಟರ್ ಬಂದ್ರೆ ಕೆಲಸ ಹೋಗುತ್ತೆ ಅನ್ನೋ ಭಯ ಆಗ ನಿಜವಾಗಿ ಇತ್ತು. ಇವತ್ತು ಎಐ ಬಗ್ಗೆ ನಮಗಿರೋ ಭಯದ ಥರಾನೇ. 1991ರಲ್ಲಿ ಆರ್ಥಿಕ ಉದಾರೀಕರಣ, ನರಸಿಂಹಂ ಸಮಿತಿ ವರದಿ. ಕೆಟ್ಟ ಸಾಲವನ್ನ ಕೆಟ್ಟ ಸಾಲ ಅಂತಲೇ ಪುಸ್ತಕದಲ್ಲಿ ತೋರಿಸ್ಬೇಕು ಅನ್ನೋ ಹೊಸ ನಿಯಮ ಬಂದಿದ್ದೇ ತಡ, ಲಾಭದಲ್ಲಿ ಕಾಣ್ತಿದ್ದ ಹಲವು ಸರ್ಕಾರಿ ಬ್ಯಾಂಕು ನಷ್ಟಕ್ಕೆ ಇಳಿದ್ವು. 1994ರಿಂದ ಎಚ್‌ಡಿಎಫ್‌ಸಿ, ಐಸಿಐಸಿಐ ಥರದ ಹೊಸ ಖಾಸಗಿ ಬ್ಯಾಂಕುಗಳು ಹುಟ್ಟಿ, ಎಸಿ ಹಾಕಿದ ಶಾಖೆ, ಎಟಿಎಂ ಎಲ್ಲ ತಂದ್ವು. ಅವರ ಹತ್ತಿರ ಕಡಿಮೆ ಜನ, ಹೆಚ್ಚು ವ್ಯವಹಾರ. ನಮ್ಮ ಸರ್ಕಾರಿ ಬ್ಯಾಂಕಲ್ಲಿ ಹೆಚ್ಚು ಜನ.

ಆಗ ಎಲ್ಲರ ಕಣ್ಣೂ ಒಂದೇ ಅಂಕಿ ಮೇಲೆ ಬಿತ್ತು: ಪ್ರತಿ ಉದ್ಯೋಗಿಗೆ ಎಷ್ಟು ವ್ಯವಹಾರ. ಬಿಸಿನೆಸ್ ಪರ್ ಎಂಪ್ಲಾಯಿ. ಇದು ಭಿನ್ನರಾಶಿ ತಾನೆ. ಮೇಲಿನ ಅಂಕಿ ಹೆಚ್ಚಿಸೋದು ಕಷ್ಟ, ಕೆಳಗಿನ ಅಂಕಿ ಕಡಿಮೆ ಮಾಡೋದು ಸುಲಭ. ಎರಡು ಕೆಲಸ ಮಾಡಿದ್ರು. ಮೊದಲನೆಯದು, ಹೊಸ ನೇಮಕಾತಿ ಬಹುತೇಕ ನಿಲ್ಲಿಸಿದ್ರು. ತೊಂಬತ್ತರ ದಶಕದಲ್ಲಿ ಡಿಗ್ರಿ ಮುಗಿಸಿದವರನ್ನ ಕೇಳಿ ನೋಡಿ, ಬ್ಯಾಂಕ್ ಕೆಲಸದ ಬಾಗಿಲು ಹೇಗೆ ಮುಚ್ಚಿತ್ತು ಅಂತ ಹೇಳ್ತಾರೆ. ಅಲ್ಲೊಂದು ಇಲ್ಲೊಂದು ಪ್ರೊಬೇಷನರಿ ಆಫೀಸರ್ ಬ್ಯಾಚ್ ಬಿಟ್ರೆ ಏನಿಲ್ಲ. ಎರಡನೆಯದು, ವಿಆರ್‌ಎಸ್.

ವಿಆರ್‌ಎಸ್ ಅನ್ನೋ ಪದ ಕೇಳಿದ್ರೆ ನಮ್ಮ ಮನೆಯಲ್ಲಿ ಈಗಲೂ ಎರಡು ಗುಂಪಾಗುತ್ತೆ. ತಗೊಂಡಿದ್ದು ಸರಿ ಅನ್ನೋರು, ತಪ್ಪು ಅನ್ನೋರು. ದೊಡ್ಡಮ್ಮ ಎರಡನೇ ಗುಂಪು.

2000ದ ಕೊನೆಗೆ ಸರ್ಕಾರದ ಒಪ್ಪಿಗೆಯೊಂದಿಗೆ ಸರ್ಕಾರಿ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆ ತಂದ್ವು. 15 ವರ್ಷ ಸೇವೆ ಆಗಿದ್ರೆ ಅಥವಾ 40 ವಯಸ್ಸು ದಾಟಿದ್ರೆ ಅರ್ಜಿ ಹಾಕಬಹುದು. ಮುಗಿಸಿದ ಪ್ರತಿ ವರ್ಷದ ಸೇವೆಗೆ 60 ದಿನದ ಸಂಬಳ, ಅಥವಾ ನಿವೃತ್ತಿಗೆ ಉಳಿದಿರೋ ತಿಂಗಳುಗಳ ಸಂಬಳ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ದೊಡ್ಡಪ್ಪನ ಲೆಕ್ಕ ಹಾಕೋಣ. 25 ವರ್ಷ ಸೇವೆ, ತಲಾ 60 ದಿನ ಅಂದ್ರೆ 1,500 ದಿನ, ಅಂದ್ರೆ 50 ತಿಂಗಳ ಸಂಬಳ. ನಿವೃತ್ತಿಗೆ 147 ತಿಂಗಳು ಬಾಕಿ ಇತ್ತು. ಕಡಿಮೆ ಯಾವುದು? 50. ಕೈಗೆ ಒಟ್ಟಿಗೆ 50 ತಿಂಗಳ ಸಂಬಳ, ಜೊತೆಗೆ ಪಿಎಫ್, ಗ್ರಾಚ್ಯುಟಿ, ಪೆನ್ಷನ್. ಆ ಕಾಲಕ್ಕೆ ಅಷ್ಟು ದುಡ್ಡನ್ನ ನಮ್ಮ ಮನೆಯಲ್ಲಿ ಯಾರೂ ಒಟ್ಟಿಗೆ ನೋಡಿರಲಿಲ್ಲ. ದೊಡ್ಡಪ್ಪ 2001ರ ಮಾರ್ಚ್ 31ಕ್ಕೆ ಸಹಿ ಹಾಕಿ ಹೊರಗೆ ಬಂದ್ರು. 47 ವರ್ಷ ವಯಸ್ಸು. ಆಗ ಅವರು ಕ್ಲರ್ಕ್ ಅಲ್ಲ, ಬಡ್ತಿ ಪಡೆದು ಸಾಲ ವಿಭಾಗ ನೋಡ್ತಿದ್ದ ಆಫೀಸರ್.

ಹಾಗೆ ಆ ಒಂದೇ ಸುತ್ತಿನಲ್ಲಿ ದೇಶದ ಸರ್ಕಾರಿ ಬ್ಯಾಂಕುಗಳಿಂದ ಸುಮಾರು 1 ಲಕ್ಷ ಜನ ಹೊರಗೆ ಬಂದ್ರು. ಹತ್ತು ಜನರಲ್ಲಿ ಒಬ್ಬರಿಗಿಂತ ತುಸು ಹೆಚ್ಚು.

ನಾನು ವಿಆರ್‌ಎಸ್ ಅನ್ನ ಮೂರ್ಖತನ ಅಂತ ಹೇಳ್ತಿಲ್ಲ. ಲೆಡ್ಜರ್ ಬರೆಯೋಕೆ ತಗೊಂಡ ಜನಕ್ಕೆ ಲೆಡ್ಜರೇ ಇಲ್ಲದ ಮೇಲೆ ಏನು ಕೆಲಸ ಕೊಡೋದು? ಬ್ಯಾಂಕುಗಳ ವ್ಯವಹಾರದಲ್ಲಿ ನೂರಕ್ಕೆ 70ರಷ್ಟು 2001ರ ಜನವರಿ 1ರ ಒಳಗೆ ಕಂಪ್ಯೂಟರಿಗೆ ಹೋಗಬೇಕು ಅಂತ ಕೇಂದ್ರ ಜಾಗೃತ ಆಯುಕ್ತ ಎನ್. ವಿಠ್ಠಲ್ ಗಡುವು ಬೇರೆ ಕೊಟ್ಟಿದ್ರು. ಸಂಬಳದ ಖರ್ಚು ಇಳೀಬೇಕಿತ್ತು. ಇಳೀತು. ಪ್ರತಿ ಉದ್ಯೋಗಿ ವ್ಯವಹಾರ ಏರ್ಬೇಕಿತ್ತು. ಏರ್ತು. ಇವೆಲ್ಲ ನಿಜವಾದ ಲಾಭಗಳೇ.

ತೊಂದರೆ ಇರೋದು ತಲೆ ಎಣಿಸಿದ ರೀತಿಯಲ್ಲಿ. ಎಷ್ಟು ಜನ ಜಾಸ್ತಿ ಇದ್ದಾರೆ ಅಂತ ಕೇಳಿದ್ರು. ಯಾವ ವಯಸ್ಸಿನವರು, ಯಾವ ಕೆಲಸ ಬಲ್ಲವರು, ಅವರು ಹೋದ್ರೆ ಆ ಜಾಗಕ್ಕೆ ಬರೋ ಹೊತ್ತಿಗೆ ತಯಾರಾಗ್ತಿರೋರು ಯಾರು ಅಂತ ಕೇಳಲಿಲ್ಲ. ಸ್ವಯಂ ನಿವೃತ್ತಿ ಅಂದ್ರೆ ಹೆಸರೇ ಹೇಳೋ ಹಾಗೆ, ಹೋಗೋದು ಬಿಡೋದು ಉದ್ಯೋಗಿಯ ಇಷ್ಟ. ಹೊರಗೆ ಬೇರೆ ಕೆಲಸ ಸಿಗುತ್ತೆ ಅನ್ನೋ ಧೈರ್ಯ ಇರೋನೇ ಮೊದಲು ಎದ್ದು ಹೋಗ್ತಾನೆ. ಎಲ್ಲೂ ಸಲ್ಲದವನು ಕುರ್ಚಿ ಬಿಡಲ್ಲ. ಅರ್ಜಿ ಹಾಕಿದವರಲ್ಲಿ ಆಫೀಸರ್‌ಗಳೂ ದೊಡ್ಡ ಸಂಖ್ಯೆಯಲ್ಲಿದ್ರು.

ದೊಡ್ಡಪ್ಪ ಮನೆಗೆ ಬಂದು ಕೂತ ಮೇಲೆ ಏನಾಯ್ತು ಅಂತ ದೊಡ್ಡಮ್ಮ ಹೇಳಿದ ಕಥೆ ಕೇಳಿ. ಆಗ ಮನೆಯಲ್ಲಿ ಲ್ಯಾಂಡ್‌ಲೈನ್, ಅಡುಗೆಮನೆ ಬಾಗಿಲ ಪಕ್ಕ. ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ ರಿಂಗ್ ಆಗ್ತಿತ್ತು. ಹಳೇ ಶಾಖೆಯಿಂದ. "ಸಾರ್, ಇಂಥವರ ಅಡಿಕೆ ತೋಟದ ಸಾಲದ ಫೈಲು ಎಲ್ಲಿಟ್ಟಿದ್ರಿ?" "ಸಾರ್, ಇವರು ಹೇಳೋ ಸರ್ವೆ ನಂಬರಿನ ಗದ್ದೆ ಮಳೆಗಾಲದಲ್ಲಿ ಮುಳುಗುತ್ತಾ?" "ಸಾರ್, ಈ ಜಾಮೀನುದಾರ ಬದುಕಿದಾರಾ?" ದೊಡ್ಡಪ್ಪ ಒಂದು ಕೈಯಲ್ಲಿ ತಿಂಡಿ ತಟ್ಟೆ ಹಿಡಕೊಂಡೇ ಉತ್ತರ ಹೇಳ್ತಿದ್ರಂತೆ. ಒಂದೆರಡು ವರ್ಷ ನಡೀತು ಇದು. "ಸಂಬಳ ಇಲ್ಲದೆ ಬ್ಯಾಂಕ್ ಕೆಲಸ ಮಾಡಿದ್ರು ನಿಮ್ಮ ದೊಡ್ಡಪ್ಪ," ಅಂತಾರೆ ದೊಡ್ಡಮ್ಮ.

ನೋಡಿ, ಇದು ನಂಗೆ ಕಾಮರ್ಸ್ ವಿದ್ಯಾರ್ಥಿಯಾಗಿ ಬಹಳ ಆಸಕ್ತಿ ಹುಟ್ಟಿಸಿದ ಜಾಗ. ವಿಆರ್‌ಎಸ್‌ಗೆ ಕೊಟ್ಟ ಹಣ ದೊಡ್ಡ ಮೊತ್ತ. ಒಂದೇ ವರ್ಷದ ಖರ್ಚಿಗೆ ಹಾಕಿದ್ರೆ ಲಾಭ ಕೊಚ್ಚಿಹೋಗುತ್ತೆ. ಅದಕ್ಕೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಆ ಖರ್ಚನ್ನ ಐದು ವರ್ಷಕ್ಕೆ ಹಂಚಿ ಬರೆಯೋ ಅವಕಾಶ ಕೊಡ್ತು. ಡೆಫರ್ಡ್ ರೆವೆನ್ಯೂ ಎಕ್ಸ್‌ಪೆಂಡಿಚರ್. ನಾವು ಸೆಕೆಂಡ್ ಇಯರ್‌ನಲ್ಲಿ ಓದಿದ್ದು. ಐದು ವರ್ಷ ಆದ ಮೇಲೆ ಪುಸ್ತಕದಲ್ಲಿ ವಿಆರ್‌ಎಸ್ ಖರ್ಚು ಸೊನ್ನೆ. ಲೆಕ್ಕ ಮುಗೀತು. ಆದ್ರೆ ಯಾರ ಗದ್ದೆ ಮುಳುಗುತ್ತೆ ಅನ್ನೋ ತಿಳಿವಳಿಕೆ ಯಾವ ಖಾತೆಯಲ್ಲೂ ಇರಲಿಲ್ಲ. ಅದು ಹೋಗಿದ್ದೂ ಯಾವ ಖಾತೆಯಲ್ಲೂ ಕಾಣಲಿಲ್ಲ.

ಈಗ ಮುಖ್ಯ ವಿಷಯ. ಬ್ಯಾಂಕಿಗೆ ಬೇಕಾದ ಕೆಲವು ಜನರನ್ನ ಮಾರುಕಟ್ಟೆಯಲ್ಲಿ ಕೊಳ್ಳಬಹುದು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್, ಒಬ್ಬ ಲಾಯರ್. ಆದ್ರೆ ಒಬ್ಬ ಚೀಫ್ ಮ್ಯಾನೇಜರ್‌ನ ಕೊಳ್ಳೋದು ಕಷ್ಟ. ಸರ್ಕಾರಿ ಬ್ಯಾಂಕಲ್ಲಿ ಆ ಕುರ್ಚಿಗೆ ಬರೋನು ಕೆಳಗಿನ ಮೆಟ್ಟಿಲು ಹತ್ತಿಯೇ ಬರಬೇಕು. ಪ್ರೊಬೇಷನರಿ ಆಫೀಸರ್ ಆಗಿ ಸೇರಿ ಎರಡು ವರ್ಷ ಪ್ರೊಬೇಷನ್, ಆಮೇಲೆ ಹಳ್ಳಿ ಶಾಖೆ, ಸಾಲ ಕೊಡೋದು, ವಸೂಲಿ ಮಾಡೋದು, ಒಂದೆರಡು ಸಲ ಕೈ ಸುಟ್ಟುಕೊಳ್ಳೋದು, ಮತ್ತೆ ವರ್ಗ. ನಾಲ್ಕನೇ ಸ್ಕೇಲಿಗೆ ಬರೋ ಹೊತ್ತಿಗೆ ಹದಿನೈದು ವರ್ಷ ಹಿಡಿಯೋದು ಮಾಮೂಲು. ಜನರಲ್ ಮ್ಯಾನೇಜರ್ ಆಗೋಕೆ ಅದರ ಎರಡರಷ್ಟು ಹತ್ತಿರ ಹತ್ತಿರ. ಅಂದ್ರೆ 2010ರಲ್ಲಿ ಬೇಕಾಗೋ ಚೀಫ್ ಮ್ಯಾನೇಜರ್‌ನ 1993-95ರಲ್ಲೇ ಕೆಲಸಕ್ಕೆ ತಗೊಂಡಿರಬೇಕಿತ್ತು. ಆ ವರ್ಷಗಳಲ್ಲೇ ಬಾಗಿಲು ಹಾಕಿದ್ರು.

ಇನ್ನೊಂದು ಕಡೆ, 1976ರಲ್ಲಿ 23 ವರ್ಷಕ್ಕೆ ಸೇರಿದವನು 60 ತುಂಬಿ ನಿವೃತ್ತನಾಗೋದು 2013ಕ್ಕೆ. ಇದಕ್ಕೆ ಜ್ಯೋತಿಷ್ಯ ಬೇಡ. ಪ್ರತಿಯೊಬ್ಬನ ಹುಟ್ಟಿದ ದಿನಾಂಕ ಸರ್ವಿಸ್ ಫೈಲಿನ ಮೊದಲ ಪುಟದಲ್ಲೇ ಇರುತ್ತೆ. ಮಳೆ ಯಾವಾಗ ಬರುತ್ತೆ, ಬಡ್ಡಿದರ ಏನಾಗುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಆದ್ರೆ ಯಾರು ಯಾವ ತಿಂಗಳ ಕೊನೇ ದಿನ ಹಾರ ಹಾಕಿಸಿಕೊಂಡು ಮನೆಗೆ ಹೋಗ್ತಾರೆ ಅನ್ನೋದು 37 ವರ್ಷ ಮುಂಚೆನೇ ಗೊತ್ತಿತ್ತು. ವ್ಯಾಪಾರದಲ್ಲಿ ಇಷ್ಟು ಖಚಿತವಾಗಿ ಗೊತ್ತಿರೋ ಮುಂದಿನ ಅಂಕಿ ಬೇರೆ ಯಾವುದೂ ಇಲ್ಲ. ಫಿಕ್ಸೆಡ್ ಡೆಪಾಸಿಟ್ ಮೆಚ್ಯೂರಿಟಿ ದಿನಾಂಕಗಳನ್ನ ಸಾಲಾಗಿ ಬರೆದಿಟ್ಟು, ಯಾವ ತಿಂಗಳು ಎಷ್ಟು ಹಣ ವಾಪಸ್ ಕೊಡಬೇಕು ಅಂತ ಲೆಕ್ಕ ಇಡೋ ಬ್ಯಾಂಕುಗಳು, ತಮ್ಮದೇ ಜನರ ಮೆಚ್ಯೂರಿಟಿ ಪಟ್ಟಿ ಮಾಡಲಿಲ್ಲ ಅನ್ನೋದು ನಂಗೆ ಅರಗಿಸಿಕೊಳ್ಳೋಕೆ ಕಷ್ಟ.

ಪಟ್ಟಿ ಮಾಡಿದಾಗ ತಡ ಆಗಿತ್ತು. 2009ರಲ್ಲಿ ಹಣಕಾಸು ಸಚಿವಾಲಯ ಒಂದು ಸಮಿತಿ ನೇಮಿಸ್ತು. ಬ್ಯಾಂಕ್ ಆಫ್ ಬರೋಡಾದ ಅಧ್ಯಕ್ಷರಾಗಿದ್ದ ಎ. ಕೆ. ಖಂಡೇಲ್ವಾಲ್ ಅದರ ಮುಖ್ಯಸ್ಥರು. ಸರ್ಕಾರಿ ಬ್ಯಾಂಕುಗಳ ಮಾನವ ಸಂಪನ್ಮೂಲದ ಕಥೆ ಏನಾಗಿದೆ ನೋಡಿ ಹೇಳಿ ಅಂತ. 2010ರಲ್ಲಿ ವರದಿ ಕೊಟ್ರು. ಅದರಲ್ಲಿದ್ದ ಅಂಕಿ ಇವು: ಮುಂದಿನ ಐದು ವರ್ಷದಲ್ಲಿ ಜನರಲ್ ಮ್ಯಾನೇಜರ್‌ಗಳಲ್ಲಿ ಶೇ. 80, ಡೆಪ್ಯುಟಿ ಜನರಲ್ ಮ್ಯಾನೇಜರ್‌ಗಳಲ್ಲಿ ಶೇ. 65, ಅಸಿಸ್ಟೆಂಟ್ ಜನರಲ್ ಮ್ಯಾನೇಜರ್‌ಗಳಲ್ಲಿ ಶೇ. 58, ಚೀಫ್ ಮ್ಯಾನೇಜರ್‌ಗಳಲ್ಲಿ ಶೇ. 44 ಜನ ನಿವೃತ್ತರಾಗ್ತಾರೆ.

ಒಂದು ಸಲ ಕಣ್ಣು ಮುಚ್ಚಿ ಇದನ್ನ ಚಿತ್ರ ಮಾಡ್ಕೊಳ್ಳಿ. ಹೆಡ್ ಆಫೀಸಿನ ಮೀಟಿಂಗ್ ರೂಮಲ್ಲಿ ಹತ್ತು ಜನ ಜನರಲ್ ಮ್ಯಾನೇಜರ್ ಕೂತಿದ್ದಾರೆ. ಐದು ವರ್ಷ ಬಿಟ್ಟು ಅದೇ ರೂಮಿಗೆ ಹೋದ್ರೆ ಎಂಟು ಕುರ್ಚಿ ಖಾಲಿ. ಆ ಎಂಟು ಕುರ್ಚಿಗೆ ಹತ್ತಿ ಬರಬೇಕಾದವರಲ್ಲೂ ಮೂರರಲ್ಲಿ ಎರಡು ಪಾಲು ಮನೆಗೆ ಹೋಗಿದ್ದಾರೆ. 2010ರಿಂದ 2020ರ ವರ್ಷಗಳನ್ನ ಬ್ಯಾಂಕಿಂಗ್ ವಲಯದಲ್ಲಿ 'ನಿವೃತ್ತಿ ದಶಕ' ಅಂತಲೇ ಕರೆಯೋಕೆ ಶುರು ಮಾಡಿದ್ರು.

ಆಗ ಶುರುವಾಯ್ತು ಓಟ. 2011ರಲ್ಲಿ ಐಬಿಪಿಎಸ್ ಮೊದಲ ಸಲ ಸಾಮಾನ್ಯ ಪರೀಕ್ಷೆ ನಡೆಸ್ತು. ಎಸ್‌ಬಿಐ ಬಿಟ್ಟು ಹೆಚ್ಚಿನ ಸರ್ಕಾರಿ ಬ್ಯಾಂಕುಗಳಿಗೆ ಒಂದೇ ಪರೀಕ್ಷೆ. ಧಾರವಾಡ, ಬೆಂಗಳೂರಿನ ವಿಜಯನಗರದಲ್ಲಿ ಕೋಚಿಂಗ್ ಸೆಂಟರ್‌ಗಳ ಬೋರ್ಡಲ್ಲಿ 'ಬ್ಯಾಂಕಿಂಗ್' ಅನ್ನೋ ಪದ ದೊಡ್ಡದಾಗಿದ್ದು ಈ ಕಾಲದಲ್ಲೇ. ಎರಡು ದಶಕ ತಗೊಳ್ಳದೇ ಇದ್ದವರನ್ನ ನಾಲ್ಕೈದು ವರ್ಷದಲ್ಲಿ ತಗೊಂಡ್ರು. ಮತ್ತೆ ರಾಶಿ ರಾಶಿ.

ಆ ರಾಶಿಯಲ್ಲಿ ನಮ್ಮ ಅಕ್ಕನೂ ಇದ್ದಳು. ದೊಡ್ಡಪ್ಪನ ಮಗಳು. ಅಪ್ಪ ವಿಆರ್‌ಎಸ್ ತಗೊಂಡಾಗ ಅವಳಿಗೆ 11 ವರ್ಷ. 2013ರಲ್ಲಿ ಬೇರೊಂದು ಸರ್ಕಾರಿ ಬ್ಯಾಂಕಿಗೆ ಪಿಒ ಆಗಿ ಸೇರಿದ್ಲು. ಅಪ್ಪ ಬಿಡದೇ ಇದ್ದಿದ್ರೆ ನಿವೃತ್ತರಾಗ್ತಿದ್ದಿದ್ದೂ ಅದೇ ವರ್ಷ, ಜೂನ್‌ನಲ್ಲಿ. ಅವಳ ಮೊದಲ ಪೋಸ್ಟಿಂಗ್ ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ಹೋದ ಮೂರನೇ ತಿಂಗಳು ಫೋನ್ ಮಾಡಿ ಅಪ್ಪಂಗೆ ಹೇಳಿದ್ಲಂತೆ: "ಅಪ್ಪಾ, ಇಲ್ಲಿ ಮ್ಯಾನೇಜರ್‌ಗೆ 58. ಹೆಡ್ ಕ್ಯಾಷಿಯರ್‌ಗೆ 57. ಆಮೇಲೆ ನಾನು, ಇನ್ನಿಬ್ಬರು ಹುಡುಗರು, ಎಲ್ಲ 25ರ ಒಳಗೆ. ಮಧ್ಯೆ ಯಾರೂ ಇಲ್ಲ. ಏನಾದ್ರೂ ಡೌಟ್ ಬಂದ್ರೆ ಸಾಹೇಬ್ರನ್ನ ಕೇಳೋಕೆ ಹೆದರಿಕೆ ಆಗುತ್ತೆ."

ಮಧ್ಯೆ ಯಾರೂ ಇಲ್ಲ. ಈ ಮೂರು ಪದದಲ್ಲಿ ಇಡೀ ತೊಂಬತ್ತರ ದಶಕ ಇದೆ. ಕೆಲಸ ಕಲಿಸೋದು ನಿಜವಾಗಿ 58ರ ಸಾಹೇಬ್ರಲ್ಲ, ನಮಗಿಂತ ಎಂಟ್ಹತ್ತು ವರ್ಷ ದೊಡ್ಡವರು. ಟೀ ಕುಡಿಯೋಕೆ ಹೋದಾಗ "ಆ ಪಾರ್ಟಿಗೆ ಸಾಲ ಕೊಡಬೇಡ, ನಾನು ಕೊಟ್ಟು ಅನುಭವಿಸಿದೀನಿ" ಅಂತ ಹೇಳೋ ಅಣ್ಣಂದಿರು. ಆ ಪೀಳಿಗೆಯೇ ಶಾಖೆಯಲ್ಲಿ ಇರಲಿಲ್ಲ. ಎರಡು ವರ್ಷಕ್ಕೆ ಆ ಮ್ಯಾನೇಜರ್ ನಿವೃತ್ತರಾದ್ರು. ಅಕ್ಕ 27ಕ್ಕೆ ಒಂದು ಹಳ್ಳಿ ಶಾಖೆಯ ಮ್ಯಾನೇಜರ್ ಆದ್ಲು. ಮನೆಯಲ್ಲಿ ಸಿಹಿ ಹಂಚಿದ್ವಿ. ಅವಳು ಮಾತ್ರ ಆ ವರ್ಷ ನಿದ್ದೆ ಮಾಡಿಲ್ಲ ಅಂತಾಳೆ. ಮತ್ತೆ ಫೋನು ತೀರ್ಥಹಳ್ಳಿಗೇ. ಈ ಸಲ ಮಗಳಿಂದ. "ಅಪ್ಪಾ, ಹೊಲ ನೋಡೋಕೆ ಹೋದಾಗ ಏನೇನು ನೋಡ್ಬೇಕು?"

ಎಲ್ಲರ ಮನೆಯಲ್ಲೂ ಹಾಗೆ ಫೋನ್ ಮಾಡೋಕೆ ಅಪ್ಪ ಇರಲ್ಲ.

ಇದಾದ ಮೇಲೆ ಕೆಟ್ಟ ಸಾಲದ ಕಥೆ ನಿಮಗೆ ಗೊತ್ತೇ ಇದೆ. 2018ರ ಮಾರ್ಚ್‌ಗೆ ಸರ್ಕಾರಿ ಬ್ಯಾಂಕುಗಳು ಕೊಟ್ಟ ಸಾಲದಲ್ಲಿ ಶೇ. 14.6 ವಸೂಲಾಗದ ಸಾಲ. ಇದಕ್ಕೆ ನೇಮಕಾತಿ ನಿಲ್ಲಿಸಿದ್ದೇ ಕಾರಣ ಅಂತ ಹೇಳಿದ್ರೆ ಅದು ಸುಳ್ಳಾಗುತ್ತೆ. ದೊಡ್ಡ ದೊಡ್ಡ ಕಂಪನಿಗಳು, ಸ್ಟೀಲು, ವಿದ್ಯುತ್ತು, ರಸ್ತೆ, ರಾಜಕೀಯ ಒತ್ತಡ, ಎಲ್ಲ ಇತ್ತು. ಆದ್ರೆ ಒಂದು ಪ್ರಶ್ನೆ ಕೇಳಬಹುದು. ಸಾಲದ ಅಬ್ಬರ ಶುರುವಾಗಿದ್ದು 2004ರ ಸುಮಾರಿಗೆ. ಅದಕ್ಕೆ ಮೂರು ವರ್ಷ ಮುಂಚೆ ಅನುಭವ ಇದ್ದ ಒಂದು ಲಕ್ಷ ಜನರನ್ನ ದುಡ್ಡು ಕೊಟ್ಟು ಮನೆಗೆ ಕಳಿಸಿದ್ವಿ. ಫೈಲ್ ನೋಡಿ "ಇದು ಬೇಡ ಸಾರ್" ಅನ್ನೋ ಧೈರ್ಯ ಇರೋರು ಎಷ್ಟು ಜನ ಉಳಿದಿದ್ರು?

ಭಾಷೆಯ ವಿಷಯನೂ ಇದಕ್ಕೇ ಅಂಟಿಕೊಂಡಿದೆ. ಬ್ಯಾಂಕಲ್ಲಿ ಕನ್ನಡ ಮಾತಾಡಲ್ಲ ಅನ್ನೋ ವಿಡಿಯೊಗಳು ವಾಟ್ಸ್ಆ್ಯಪ್‌ನಲ್ಲಿ ತಿಂಗಳಿಗೊಂದು ಬರುತ್ತೆ, ನಾವು ಸಿಟ್ಟಾಗ್ತೀವಿ. ಸಿಟ್ಟಾಗೋದು ಸರಿ. ಆದ್ರೆ ಆ ಕೌಂಟರಲ್ಲಿ ಕೂತ ಪಟ್ನಾದ ಹುಡುಗನೊಬ್ಬನದೇ ತಪ್ಪಲ್ಲ ಅದು. ಇಪ್ಪತ್ತು ವರ್ಷದ ಹಸಿವನ್ನ ಒಂದೇ ಊಟದಲ್ಲಿ ತೀರಿಸೋಕೆ ಹೋದಾಗ, ಇಡೀ ದೇಶಕ್ಕೆ ಒಂದೇ ಪರೀಕ್ಷೆ, ಇಂಗ್ಲಿಷ್-ಹಿಂದಿಯಲ್ಲಿ ಪ್ರಶ್ನೆಪತ್ರಿಕೆ, ಸೀಟು ಎಲ್ಲಿ ಖಾಲಿಯೋ ಅಲ್ಲಿಗೆ ಪೋಸ್ಟಿಂಗ್. ಕ್ಲರ್ಕ್ ಹುದ್ದೆಯ ಪರೀಕ್ಷೆಯನ್ನ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸ್ತೀವಿ ಅಂತ ಹಣಕಾಸು ಸಚಿವಾಲಯ ಹೇಳಿದ್ದು 2021ರಲ್ಲಿ. ಅಷ್ಟರಲ್ಲಿ ದೊಡ್ಡ ಬ್ಯಾಚುಗಳು ಬಂದಾಗಿತ್ತು. ಹಳ್ಳಿ ಶಾಖೆಯಲ್ಲಿ ಗ್ರಾಹಕನ ಭಾಷೆ ಬರೋದು ಸೌಜನ್ಯ ಮಾತ್ರ ಅಲ್ಲ, ಸಾಲ ವಸೂಲಿಯ ಸಾಧನ. ಅದೂ ಸಿಬ್ಬಂದಿ ಲೆಕ್ಕದ ಒಂದು ಕಾಲಂ ಆಗಿರಬೇಕಿತ್ತು.

ಹಾಗಾದ್ರೆ ಏನು ಮಾಡಬಹುದಿತ್ತು? ನಾನು ನನ್ನ ಲ್ಯಾಪ್‌ಟಾಪಲ್ಲಿ ಎಕ್ಸೆಲ್ ತೆಗೆದು ಒಂದು ಕಾಲ್ಪನಿಕ ಬ್ಯಾಂಕ್ ಮಾಡಿ ನೋಡಿದೆ. ಬರೀ ಆಟಕ್ಕೆ. ಸಾವಿರ ಜನ ಇರೋ ಬ್ಯಾಂಕು, ತೊಂಬತ್ತರ ದಶಕದಲ್ಲಿ ನೇಮಕ ಪೂರ್ತಿ ನಿಲ್ಲಿಸೋ ಬದಲು ವರ್ಷಕ್ಕೆ ಹತ್ತೇ ಜನರನ್ನ ತಗೊಂಡಿದ್ರೆ? ನೂರಕ್ಕೆ ಒಂದು. ಸಂಬಳದ ಖರ್ಚಲ್ಲಿ ಅದು ಕಣ್ಣಿಗೆ ಕಾಣೋ ಅಷ್ಟೂ ಹೆಚ್ಚಳ ಅಲ್ಲ, ಹೊಸಬರ ಸಂಬಳ ಕಡಿಮೆ ಬೇರೆ. ಆದ್ರೆ 2010ಕ್ಕೆ ಬಂದಾಗ ಆ ಬ್ಯಾಂಕಲ್ಲಿ ಪಳಗಿದ, ನೂರರ ಹತ್ತಿರ ಆಫೀಸರ್‌ಗಳು ನಿಂತಿರ್ತಾರೆ. ಕೋಚಿಂಗ್ ಸೆಂಟರ್ ಮುಂದೆ ಓಡೋದು ಬೇಡ, 27ರ ಹುಡುಗಿಗೆ ಬೀಗದ ಕೈ ಕೊಡೋದು ಬೇಡ, ಬಡ್ತಿಯ ನಿಯಮ ಸಡಿಲಿಸೋದು ಬೇಡ. ಆ ವರ್ಷಕ್ಕೆ ಹತ್ತು ಜನರ ಸಂಬಳವನ್ನ ಖರ್ಚು ಅಂತ ನೋಡಿದ್ರು. ನಾನು ಅದನ್ನ ಇನ್ಶೂರೆನ್ಸ್ ಪ್ರೀಮಿಯಂ ಅಂತೀನಿ.

ಖಾಸಗಿಯವರು ಇದನ್ನ ಸ್ವಲ್ಪ ಬೇಗ ಹಿಡಿದ್ರು. 2007ರಲ್ಲಿ ಐಸಿಐಸಿಐ ಬ್ಯಾಂಕು ಮಣಿಪಾಲ ಸಮೂಹದ ಜೊತೆ ಸೇರಿ ಬೆಂಗಳೂರಲ್ಲಿ ಒಂದು ಅಕಾಡೆಮಿಯನ್ನೇ ತೆಗೀತು. ಬ್ಯಾಂಕಿಗೆ ಬೇಕಾದ ಆಫೀಸರ್‌ಗಳನ್ನ ಬೇಕಾಗೋ ಮುಂಚೆನೇ ತಯಾರು ಮಾಡೋಕೆ. ಹಾಗಂತ ಅವರು ಸಾಚಾ ಅಂತಲ್ಲ. ಖಾಸಗಿ ಬ್ಯಾಂಕುಗಳಲ್ಲಿ ಟಾರ್ಗೆಟ್ ಒತ್ತಡಕ್ಕೆ ಜನ ಬಿಟ್ಟು ಹೋಗೋ ಕಥೆ ಬೇರೆಯೇ ಒಂದು ಸಂಚಿಕೆ ಆಗುತ್ತೆ.

ಈಗ ಸರ್ಕಾರಿ ಬ್ಯಾಂಕುಗಳ ಲೆಕ್ಕ ಸರಿ ಆಯ್ತಾ? 27 ಇದ್ದ ಸರ್ಕಾರಿ ಬ್ಯಾಂಕುಗಳು ವಿಲೀನ ಆಗಿ 2020ಕ್ಕೆ 12 ಆದ್ವು. ವಿಜಯಾ ಬ್ಯಾಂಕು ಬರೋಡಾಕ್ಕೆ, ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಒಂದೇ ಬೀದಿಯಲ್ಲಿದ್ದ ಎರಡು ಶಾಖೆ ಒಂದಾದ್ವು. ಮತ್ತೆ ಅದೇ ಮಾತು, ಜನ ಜಾಸ್ತಿ ಆದ್ರಾ, ಹುದ್ದೆ ಕಡಿಮೆ ಮಾಡೋಣವಾ ಅಂತ. ಜೊತೆಗೆ ಇನ್ನೊಂದು ಬದಲಾವಣೆ: 2010ರ ಏಪ್ರಿಲ್ 1ರಿಂದ ಸೇರಿದವರಿಗೆ ಹಳೇ ಪೆನ್ಷನ್ ಇಲ್ಲ, ಎನ್‌ಪಿಎಸ್. ದೊಡ್ಡಪ್ಪನ ಕಾಲದಲ್ಲಿ ಪೆನ್ಷನ್ ಆಸೆಗೇ ಜನ ಕೂತಿರ್ತಿದ್ರು. ಅಕ್ಕನ ಬ್ಯಾಚಿಗೆ ಆ ಗಂಟು ಇಲ್ಲ. ಅವಳ ಜೊತೆ ಸೇರಿದವರಲ್ಲಿ ನಾಲ್ಕು ಜನ ಆಗಲೇ ಬಿಟ್ಟಿದ್ದಾರೆ. ಒಬ್ಬ ಕೆಎಎಸ್ ಪಾಸಾದ, ಇಬ್ಬರು ಖಾಸಗಿ ಬ್ಯಾಂಕಿಗೆ ಹೋದ್ರು, ಒಬ್ಬಳು ಮದುವೆಯಾಗಿ ಕೆನಡಾದಲ್ಲಿದ್ದಾಳೆ. ಅಂದ್ರೆ ಈ ಸಲ ಹುಟ್ಟಿದ ದಿನಾಂಕ ನೋಡಿ ಲೆಕ್ಕ ಹಾಕಿದ್ರೂ ಸಾಲದು.

ಈ ಸಂಚಿಕೆಗೆ ತಯಾರಿ ಮಾಡುವಾಗ ಅಕ್ಕಂಗೆ ಕೇಳಿದೆ, ನಿನ್ನ ಟ್ರೈನಿಂಗ್ ಬ್ಯಾಚ್ ಫೋಟೊ ಇದ್ರೆ ಕಳ್ಸು ಅಂತ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ಲು. 2013. ಕಲರ್ ಫೋಟೊ. ಕುತ್ತಿಗೆಗೆ ಐಡಿ ಕಾರ್ಡ್, ಫಾರ್ಮಲ್ ಶರ್ಟು. ಹುಡುಗಿಯರು ಇಬ್ಬರಲ್ಲ, ಹತ್ತೊಂಬತ್ತು. ಒಟ್ಟು ನಲವತ್ತೆರಡು ಜನ. ದೊಡ್ಡಪ್ಪ ನನ್ನ ಮೊಬೈಲ್ ಇಸ್ಕೊಂಡು, ಎರಡು ಬೆರಳಲ್ಲಿ ಝೂಮ್ ಮಾಡಿ, ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದ್ರು.

"ಎಲ್ಲರಿಗೂ ಎಷ್ಟು ವಯಸ್ಸು ಆಗ?"

"23ರಿಂದ 27 ಅಂತೆ ದೊಡ್ಡಪ್ಪ."

ಅವರು ಬೆರಳು ಮಡಿಸಿ ಎಣಿಸಿದ್ರು. ಆಮೇಲೆ ಮೊಬೈಲ್ ವಾಪಸ್ ಕೊಟ್ಟು, "2046ಕ್ಕೆ ಶುರು, 2050ಕ್ಕೆ ಖಾಲಿ," ಅಂದು ಎದ್ದು ತೋಟಕ್ಕೆ ಹೋದ್ರು.